ಮಗ್ಗಗಳ ನಡುವೆ ಓದಿದ ಪತ್ರ

ಒಂದು ಪುಟ ಬರೆಯಲು ನನಗೆ ಎರಡು ವರ್ಷ ಹಿಡಿಯಿತು. ನಗುವವರು ನಗಲಿ. ಆ ಪುಟದ ಝೆರಾಕ್ಸ್ ಪ್ರತಿಯನ್ನು ಲ್ಯಾಮಿನೇಶನ್ ಮಾಡಿಸಿ ಇಟ್ಟುಕೊಂಡಿದ್ದೇನೆ. ಮನೆಗೆ ಬಂದವರು ಚಹಾ ಮುಗಿಸುವಷ್ಟರಲ್ಲಿ ಅದು ಅವರ ಕೈಯಲ್ಲಿರುತ್ತದೆ. ಜಂಬ ಅಂದರೆ ಜಂಬ. ಗೆದ್ದವರು ಸುಮ್ಮನೆ ಕೂರಬೇಕೆಂದು ಯಾರು ಹೇಳಿದ್ದಾರೆ?

ಇಚಲಕರಂಜಿಯ ಕಿವುಡ ಮಕ್ಕಳ ಶಾಲೆಯೊಂದರಲ್ಲಿ ನಾನು ಐದು ವರ್ಷ ಆಯಾ ಆಗಿದ್ದೆ. ಡಬ್ಬಿ ಬಿಚ್ಚಿಕೊಡುವುದು, ಮೂಗು ಒರೆಸುವುದು, ಜಗಳ ಬಿಡಿಸುವುದು, ಇವು ನನ್ನ ಕೆಲಸ. ಆದರೆ ಮಕ್ಕಳಿಗೆ ಪಾಠ ತಿಳಿಯದೆ ಹೋದಾಗ ಅವು ಓಡಿ ಬರುತ್ತಿದ್ದುದು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತ ನನ್ನ ಹತ್ತಿರ. ಯಾಕೆಂದರೆ ಬಾಯಿಂದ ಹೊರಟಿದ್ದನ್ನು ಕಣ್ಣಿಂದ ಹಿಡಿಯುವುದು, ಕೈಯಿಂದ ಹೇಳುವುದು ನನಗೆ ಶಾಲೆಯಲ್ಲಿ ಕಲಿಸಿಕೊಟ್ಟದ್ದಲ್ಲ, ಚಿಕ್ಕಂದಿನಿಂದಲೇ ಬಂದದ್ದು. ಒಂದು ದಿನ ತರಗತಿಯ ಕರಿಹಲಗೆ, ನಮ್ಮಲ್ಲಿ ಫಳಿ ಅನ್ನುತ್ತಾರೆ, ಅದರ ಮುಂದೆ ನಿಂತು ನಾಲ್ಕು ಮಕ್ಕಳಿಗೆ ಕಳೆಯುವ ಲೆಕ್ಕ ತಿಳಿಸುತ್ತಿದ್ದೆ. ಹೊಸದಾಗಿ ಬಂದ ಹೆಡ್‌ಬಾಯಿ, ಅಂದರೆ ಮುಖ್ಯೋಪಾಧ್ಯಾಯಿನಿ, ಒಳಗೆ ಬಂದರು, ನೋಡಿದರು, ಮೆಲ್ಲಗೆ ಹೇಳಿದರು, "ಡಿಪ್ಲೋಮಾ ಇಲ್ಲದವರು ಫಳಿ ಮುಟ್ಟೂ ಹಂಗಿಲ್ರಿ. ನಿಮ್ಮ ಜಾಗಾ ಬಾಗಲದ ಹತ್ರ." ಸಿಟ್ಟಿನಲ್ಲಿ ಹೋಗಿ ಸ್ಟೂಲಿನ ಮೇಲೆ ಕೂತೆ. ಆದರೆ ಅವರು ಹೇಳಿದ್ದು ಸುಳ್ಳಲ್ಲ.

ಡಿಪ್ಲೋಮಾ ಅಂದರೆ ಕಿವುಡ ಮಕ್ಕಳಿಗೆ ಕಲಿಸುವವರಿಗಾಗಿ ಕೊಲ್ಲಾಪುರದಲ್ಲಿ ಎರಡು ವರ್ಷದ ತರಬೇತಿ. ಅರ್ಜಿಯ ಜೊತೆ ಒಂದು ಉದ್ದೇಶ ಪತ್ರ ಬೇಕು: ಈ ತರಬೇತಿಗೆ ಏಕೆ ಬರುತ್ತೀರಿ, ಒಂದೇ ಪುಟದಲ್ಲಿ, ಮರಾಠಿಯಲ್ಲೋ ಇಂಗ್ಲಿಷಿನಲ್ಲೋ. ಪತ್ರ ಹಿಡಿಸಿದರೆ ಮಾತ್ರ ಸಂದರ್ಶನ. ಒಂದು ಪುಟ ತಾನೆ, ಅದೇನು ಮಹಾ ಅಂದುಕೊಂಡೆ. ಅಲ್ಲೇ ಎಡವಿದ್ದು.

ಮೊದಲ ವರ್ಷ ಬಸ್‌ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ಕಂಪ್ಯೂಟರಿನಿಂದ ಕಣ್ಣು ಎತ್ತದೆ ಹೇಳಿದ, "ಚಿಂತಿ ಮಾಡಬ್ಯಾಡ್ರಿ ಅಕ್ಕಾ, ನನ್ನ ಹತ್ರ ರೆಡಿ ಐತಿ. ಹೆಸರ ಅಷ್ಟ ಬದಲ ಮಾಡೂದು." ಇಂಗ್ಲಿಷ್ ಪತ್ರ, ನೋಡಲು ಮದುವೆ ಪತ್ರಿಕೆಯ ಹಾಗೆ ಚೆಂದ. ಓದದೆ ಸಹಿ ಹಾಕಿ ಕಳಿಸಿದೆ. ಉತ್ತರ ಬರಲಿಲ್ಲ. ಒಂದು ತಿಂಗಳು ಕಾದು ಕೊಲ್ಲಾಪುರದ ಆ ಕಚೇರಿಗೇ ಹೋದೆ. ಅಲ್ಲಿಯ ಕ್ಲಾರ್ಕ್ ಬಾಯಿ ಫೈಲು ತೆಗೆದು ನಕ್ಕರು. "ತಾಈ, ಹೇ ಪತ್ರ ಯಂದಾ ಚೌಥ್ಯಾಂದಾ ಆಲಂಯ." ಈ ಪತ್ರ ಈ ವರ್ಷ ನಾಲ್ಕನೇ ಸಲ ಬಂದಿದೆಯಂತೆ! ಎಲ್ಲ ಅದೇ ಅಂಗಡಿಯ ಮಾಲು. ನನ್ನದರಲ್ಲಂತೂ 'ಬಡ ರೈತನ ಮಗನಾದ ನಾನು' ಅಂತ ಇತ್ತು. ಮಗನಂತೆ! ರೈತನಂತೆ! ವಾಪಸ್ ಬಂದು ಆ ಅಂಗಡಿಯವನಿಗೆ ನಾಲ್ಕು ಜನ ಕೇಳುವ ಹಾಗೆ ಮಂಗಳಾರತಿ ಮಾಡಿದೆ. ಅವನು ನಿಂತು ಕೇಳಿಸಿಕೊಂಡು, "ಮುಂದಿನ ವರ್ಷ ಹೆಣಮಕ್ಕಳದ ಬ್ಯಾರೇ ಮಾಡಿ ಇಡ್ತೇನಿ ಅಕ್ಕಾ" ಅಂದ. 

ಮುಂದಿನ ವರ್ಷ ಅಂದರೆ ಕೊನೆಯ ವರ್ಷ. ಆ ತರಬೇತಿಗೆ ವಯಸ್ಸಿನ ಮಿತಿ ಇತ್ತು. ಅದು ತಪ್ಪಿದರೆ ನಾನು ಆ ಬಾಗಿಲ ಬಳಿಯ ಸ್ಟೂಲಿನ ಮೇಲೇ ಮುದುಕಿಯಾಗಬೇಕಿತ್ತು.

ಹಾಗಾಗಿ ಎರಡನೇ ಸಲ ದೊಡ್ಡವರನ್ನೇ ಹಿಡಿದೆ. ಅವ್ವನ ಅಣ್ಣ, ನಮ್ಮ ಮಾಮಾ, ಗಡಹಿಂಗ್ಲಜದಲ್ಲಿ ಹೈಸ್ಕೂಲ್ ಮಾಸ್ತರರಾಗಿ ನಿವೃತ್ತರಾದವರು. ಮರಾಠಿ ಕಲಿಸಿದವರು. ನಿಪ್ಪಾಣಿ, ಸಂಕೇಶ್ವರ ಹಾದು ಎಸ್‌.ಟಿ. ಬಸ್ಸಿನಲ್ಲಿ ಮೂಳೆ ಮೂಳೆ ಬೇರೆಯಾಗಿಸಿಕೊಂಡು ಅವರ ಮನೆ ಮುಟ್ಟಿದೆ. ಮಾಮಾ ಎರಡು ದಿನ ಕೂತು ಬರೆದರು. ಮಾಮಿ ಶೇಂಗಾ ಹೋಳಿಗೆ ಮಾಡಿ ಬಡಿಸಿದರು, ನಾನು ತಿಂದು ಕೂತೆ. ಮೂರನೇ ದಿನ ಮಾಮಾ ಕನ್ನಡಕ ಮೂಗಿಗೆ ಏರಿಸಿ ಗಟ್ಟಿಯಾಗಿ ಓದಿದರು. 'ಬಾಲ್ಯದಿಂದಲೇ ನನ್ನ ಅಂತಃಕರಣದಲ್ಲಿ ಸಮಾಜಸೇವೆಯ ಜ್ಯೋತಿ ಬೆಳಗುತ್ತಿದ್ದು' ಅನ್ನುವ ಅರ್ಥದ ಮರಾಠಿ. ಕೇಳುತ್ತ ಕೇಳುತ್ತ ಅದು ಯಾವಳೋ ಮಹಾತಾಯಿಯ ಕಥೆ ಅನ್ನಿಸಿತು.

"ಇದ ಹ್ವಾದ್ರ ಅವರ ಎದ್ದ ನಿಂತ ಸೀಟ ಕೊಡಬೇಕ ನೋಡ" ಅಂದರು ಮಾಮಾ.

"ಮಾಮಾ, ಅಪ್ಪನ ಸುದ್ದಿ ಒಂದ ಎರಡ ಸಾಲ ಹಾಕೂದೇನ?"

"ಛೇ ಛೇ! ಮನಿ ಮಾತ ಹೊರಗ ಯಾಕ? ಅವನ ಕಿವಿ ಸುದ್ದಿ ಬರದ್ರ ನಿನ್ನ ಕಿವೀನೂ ಹಂಗ ಅಂತ ತಿಳೀತಾರ. ಮ್ಯಾಲ ನಿಮ್ಮಪ್ಪಗ ಗೊತ್ತಾತಂದ್ರ ಮನಿ ತಲಿ ಮ್ಯಾಲ ಹೊತಗೋತಾನ."

ಎರಡನೇ ಮಾತು ನಿಜ. ಅಪ್ಪ ಗೋಕಾಕ ಸೀಮೆಯಿಂದ ಹದಿನೆಂಟನೇ ವಯಸ್ಸಿಗೆ ಬಂದವರು. ಅಂದಿನಿಂದ ಇಚಲಕರಂಜಿ ಪಕ್ಕದ ಯಡ್ರಾವದ ಪಾವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದಾರೆ. ಆ ಖಡಖಡ ಸದ್ದು ಅವರ ಕಿವಿಯನ್ನು ಸ್ವಲ್ಪ ಸ್ವಲ್ಪವೇ ತಿಂದು ಹಾಕಿತು. ಆದರೆ ಕಿವುಡು ಅನ್ನುವ ಶಬ್ದ ನಮ್ಮ ಮನೆಯೊಳಗೆ ಬರುವ ಹಾಗಿರಲಿಲ್ಲ. ಮೂರು ಮನೆಗೆ ಕೇಳುವ ಹಾಗೆ ಟಿವಿ ಹಚ್ಚಿ, "ಇದರ ಆವಾಜ ಕೆಟ್ಟೈತಿ" ಅನ್ನುವರು. ಅವ್ವ ಹಿಂದಿನಿಂದ ಕರೆದು ಕರೆದು ಸೋತು ಬೆನ್ನು ತಟ್ಟಿದರೆ, "ನಿಮಗ ಬಾಯಿ ಬಿಟ್ಟ ಮಾತಾಡಾಕ ಬರೂದಿಲ್ಲ" ಎಂದು ರೇಗುವರು. ಶಾಲೆಯಲ್ಲಿ ಉಚಿತ ಕಿವಿ ತಪಾಸಣೆ ನಡೆದಾಗ ಒಮ್ಮೆ ಕರೆದಿದ್ದೆ. ಎಂಟು ದಿನ ನನ್ನ ಜೊತೆ ಮಾತು ಬಿಟ್ಟರು. ಸಿಟ್ಟಿನಲ್ಲಿ ನಾನು ಅವರ ಮಗಳೇ ಹೌದು, ಹಾಗಾಗಿ ನಾನೂ ಎಂಟು ದಿನ ಬಿಟ್ಟೆ.

ಗಡಹಿಂಗ್ಲಜದಿಂದ ಬಂದ ಮರುದಿನ ಅವ್ವ ಮನೆಯಲ್ಲೇ ಕಾಂಡಿ ಮಶೀನಿನ ಮುಂದೆ ಕೂತು ಕೊಳವೆಗಳಿಗೆ ನೂಲು ಸುತ್ತುತ್ತಿದ್ದವಳು ಏಳಲಾಗದೆ, ಅಪ್ಪನ ಊಟದ ಡಬ್ಬಿ ನನ್ನ ಕೈಗೆ ಕೊಟ್ಟಳು. ಚೀಲದಲ್ಲಿ ಮಾಮಾ ಬರೆದ ಪತ್ರವೂ ಇತ್ತು, ಅಂಚೆಗೆ ಹಾಕಲು.

ಶೆಡ್ಡಿನ ಬಗ್ಗೆ ಒಂದು ಮಾತು ಹೇಳಬೇಕು. ಅಲ್ಲಿ ಯಾರೂ ಕೂಗುವುದಿಲ್ಲ. ಹೊಸಬರು ಎರಡು ದಿನ ಗಂಟಲು ಹರಿದುಕೊಂಡು ಆಮೇಲೆ ಬಿಡುತ್ತಾರೆ. ಅಲ್ಲಿ ಧ್ವನಿ ತೆಗೆಯದೆ ಬರೀ ತುಟಿ ಆಡಿಸುತ್ತಾರೆ, ಉಳಿದದ್ದನ್ನು ಕೈ ಹೇಳುತ್ತದೆ. ಕಾಲರ್ ಮುಟ್ಟಿಕೊಂಡರೆ ಮಾಲೀಕ ಬಂದ ಅಂತ. ಹೆಬ್ಬೆರಳು ತಿರುಗಿಸಿದರೆ ನೂಲು ಸುತ್ತಿದ ಕಾಂಡಿ ಬೇಕು ಅಂತ. ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿ ಹೆಗಲು ತಟ್ಟಿಕೊಂಡರೆ ತಾಗಾ ಇಳಿಯಿತು ಅಂತ. ತಾಗಾ ಎಂದರೆ ನೇಯ್ದು ಮುಗಿದ ಬಟ್ಟೆಯ ಸುರುಳಿ, ಅದನ್ನು ಕತ್ತರಿಸಿ ಹೆಗಲ ಮೇಲೆ ಹೊತ್ತು ಒಯ್ಯುತ್ತಾರೆ. ಇಡೀ ದಿನದಲ್ಲಿ ಮುಖಕ್ಕೆ ನಗು ತರುವ ಸನ್ನೆ ಅದೊಂದೇ. ಡಬ್ಬಿ ಒಯ್ಯುತ್ತ ಒಯ್ಯುತ್ತ ಆರನೇ ವಯಸ್ಸಿಗೆ ನಾನು ಇದನ್ನೆಲ್ಲ ಕಲಿತಿದ್ದೆ.

ಅಪ್ಪ ಮಗ್ಗದ ಆ ಕಡೆ, ನಾನು ಈ ಕಡೆ. ಅವರು ಗದ್ದ ಎತ್ತಿ ಕೇಳಿದರು, "ಮಾಮಾ ಏನ ಬರದಾನ?"

ಅಪ್ಪ ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ, ಅದೂ ಕನ್ನಡ ಶಾಲೆಯಲ್ಲಿ. ಮರಾಠಿ ಮಾತಾಡುತ್ತಾರೆ, ಓದುವುದಿಲ್ಲ. ಪತ್ರ ಬಿಡಿಸಿಕೊಂಡು ಒಂದೊಂದೇ ಸಾಲನ್ನು ತುಟಿಯಲ್ಲಿ, ಕೈಯಲ್ಲಿ ಹೇಳತೊಡಗಿದೆ. ಅಂತಃಕರಣಕ್ಕೆ ಏನು ಸನ್ನೆ ಮಾಡಲಿ? ಎದೆ ಮುಟ್ಟಿಕೊಂಡೆ. ಜ್ಯೋತಿಗೆ ಬೆರಳು ಮೇಲೆತ್ತಿ ಅಲ್ಲಾಡಿಸಿದೆ.

ಅಪ್ಪ ಹುಬ್ಬು ಗಂಟಿಕ್ಕಿದರು. "ಎದಿ ಉರಿಯಾಕತ್ತೈತೇನ? ಪಿತ್ತ ಆಗೇತಿ ನಿನಗ. ಮಾಮಿ ಹೋಳಿಗಿ ಭಾಳ ತಿಂದಿ."

ಅಲ್ಲ ಅಂತ ತಲೆಯಾಡಿಸಿದೆ. ಸಮಾಜ ಅನ್ನಲು ಎರಡೂ ಕೈಯಿಂದ ದೊಡ್ಡದಾಗಿ ವರ್ತುಲ ಬರೆದೆ. ಅಪ್ಪ ತಿರುಗಿ ಕಾಂಡಿಯ ಬುಟ್ಟಿ ನೋಡಿದರು. ಸರ್ವಾಂಗೀಣ ವಿಕಾಸಕ್ಕೆ ಮೈಯೆಲ್ಲ ತೋರಿಸಿ ಕೈ ಮೇಲೆತ್ತಿದೆ. ಆಚೆ ಮಗ್ಗದ ಕಾಕಾ ನಮ್ಮನ್ನೇ ನೋಡುತ್ತಿದ್ದವರು ಬಿದ್ದು ಬಿದ್ದು ನಕ್ಕರು. ನನಗೆ ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದವು. ಇಡೀ ಪುಟದಲ್ಲಿ ಅಪ್ಪನಿಗೆ ಮುಟ್ಟಿಸಲು ಆದದ್ದು ಎರಡೇ: ನನ್ನ ಹೆಸರು, ಊರು.

ಅಪ್ಪ ಕಡಿದ ಎಳೆಯೊಂದನ್ನು ಗಂಟು ಹಾಕಿ ಮತ್ತೆ ನನ್ನ ಕಡೆ ತಿರುಗಿದರು. "ಅದನ್ನ ಬಿಡ. ನಿನಗ ಯಾಕ ಹೋಗಬೇಕಾಗೇತಿ? ಅದನ್ನ ಹೇಳ."

ಅದಕ್ಕೆ ಕೈ ತಾನೇ ಎದ್ದಿತು. ನಾನು ಬಾಗಿಲ ಹತ್ತಿರ ಕೂತಿದ್ದೇನೆ. ಒಳಗೆ ಮಕ್ಕಳಿದ್ದಾರೆ. ಕಲಿಸುವ ಬಾಯಿ ಫಳಿಯ ಕಡೆ ಮುಖ ಮಾಡಿ ಮಾತಾಡುತ್ತಾರೆ, ಮಕ್ಕಳಿಗೆ ಅವರ ಬೆನ್ನಷ್ಟೇ ಕಾಣುತ್ತದೆ. ಬೆನ್ನಿಗೆ ತುಟಿ ಇಲ್ಲ. ಅವರ ಕಡೆ ತಿರುಗಿ ಹೇಳಬೇಕು ಅಂತ ನನಗೆ ಗೊತ್ತಿದೆ. ಆದರೆ ನನಗೆ ಫಳಿ ಮುಟ್ಟುವ ಹಾಗಿಲ್ಲ. ಅಪ್ಪ ಒಂದೂ ಬಿಡದೆ ಹಿಡಿದರು, ತಲೆಯಾಡಿಸುತ್ತ ಹೋದರು.

ಆಮೇಲೆ ಕೇಳಿದರು, "ಅದು ನಿನಗ ಹೆಂಗ ಗೊತ್ತ?"

ನಾನು ಮುಖ ತಿರುಗಿಸಿದೆ. ಶೆಡ್ಡಿನಲ್ಲಿ ಮುಖ ತಿರುಗಿಸುವುದೆಂದರೆ ಮಾತಿನ ನಡುವೆ ಎದ್ದು ಹೋದ ಹಾಗೆ. ಅಪ್ಪ ಮಗ್ಗದ ಮೇಲಿಂದ ಕೈ ಚಾಚಿ ನನ್ನ ಗದ್ದ ಹಿಡಿದು ತಮ್ಮ ಕಡೆ ಹೊರಳಿಸಿದರು. "ನನ್ನ ಕಡೆ ನೋಡಿ ಹೇಳ."

ಹೇಳಿಬಿಟ್ಟೆ. "ನಿಮಗ ಕೇಳಸೂದಿಲ್ಲಪ್ಪಾ. ಸಣ್ಣಾಕಿ ಇದ್ದಾಗಿಂದ ನಿಮ್ಮ ಮುಂದ ಬಂದ ನಿಂತಽ ಮಾತಾಡೇನಿ. ಅದಕ್ಕ ಗೊತ್ತ."

ಅಪ್ಪ ಹ್ಯಾಂಡಲ್ ಎಳೆದು ಮಗ್ಗ ನಿಲ್ಲಿಸಿದರು. ಉಳಿದವು ಓಡುತ್ತಲೇ ಇದ್ದವು.  ಅವರು ನನ್ನ ಚೀಲದಿಂದ ಡಬ್ಬಿ ಕಿತ್ತುಕೊಂಡು, ಬಾಗಿಲ ಕಡೆ ಬೆರಳು ತೋರಿಸಿದರು.

ಪತ್ರ ಅಂಚೆಗೆ ಹಾಕಲಿಲ್ಲ. ಮನೆಗೆ ಬಂದು ಅವ್ವನ ಮುಂದೆ ಅತ್ತೆ. ಅವ್ವ ಮಶೀನು ನಿಲ್ಲಿಸದೆ ಹೇಳಿದಳು, "ಮೂವತ್ತ ವರ್ಷ ನನ್ನ ಕೈಲೆ ಆಗಲಿಲ್ಲ, ನೀ ಹೇಳಿ ಬಂದಿ. ಊಟಾ ಮಾಡ." ಅವಳ ದನಿಯಲ್ಲಿ ಸಂತೋಷವಿತ್ತೋ ಏನೋ, ನನಗಂತೂ ಆಗ ಅವಳ ಮೇಲೂ ಸಿಟ್ಟೇ ಬಂತು.

ಪಾಳಿ ಮುಗಿಸಿ ಅಪ್ಪ ಬಂದರು. ಕೈಕಾಲು ತೊಳೆದು, ಚಾಪೆ ಹಾಸಿ ನೇರವಾಗಿ ನನ್ನ ಎದುರು ಕೂತರು. ಟಿವಿ ಹಚ್ಚಲಿಲ್ಲ. ಕೂದಲಲ್ಲಿ ಇನ್ನೂ ಹತ್ತಿಯ ಧೂಳಿತ್ತು.

"ಹಾಳಿ ತಗೋ. ನಾ ಹೇಳಿದ್ದ ಬರಿ" ಅಂದರು. "ಶೆಡ್ಡಿನ್ಯಾಗ ನಮ್ಮಪ್ಪಗ ಎಲ್ಲಾ ತಿಳೀತೈತಿ, ಅಲ್ಲಿ ಎಲ್ಲಾರೂ ಅವನ ಮಾರಿ ನೋಡಿ ಮಾತಾಡತಾರ. ಮನ್ಯಾಗ ತಿಳಿಯೂದಿಲ್ಲ, ಮನ್ಯಾಗ ಎಲ್ಲಾರೂ ಬೆನ್ನ ತಿರಗಿಸಿ ಮಾತಾಡತಾರ. ಬರದೇನ?"

"ಬರದೆ."

"ಅಂದ್ರ ಕಿವುಡರ ಯಾರ? ನೀವಽ!" ಅಂದರು. ಅವ್ವ ಒಳಗಿನಿಂದ ಕಿಸಕ್ಕನೆ ನಕ್ಕಳು. ಅಪ್ಪನಿಗೆ ಅದು ಕೇಳಿಸಲಿಲ್ಲ, ನಾನು ನಕ್ಕದ್ದು ಕಂಡಿತು, ಅವರೂ ನಕ್ಕರು. ಆಮೇಲೆ ಹಾಳೆಗೆ ಬೆರಳು ತೋರಿಸಿ, "ಕೇಳಸೂದಿಲ್ಲ ಅಂತನೂ ಬರಿ. ಪತ್ರದಾಗ ಅಷ್ಟ ಇರಲಿ. ಓಣ್ಯಾಗ ಹೇಳಕೋತ ತಿರಗಬ್ಯಾಡ" ಅಂದರು.

ಆಮೇಲಿನ ಕೆಲಸ ಸುಲಭವಾಯಿತು, ಯಾಕೆಂದರೆ ಒಂದು ಕಾನೂನು ಸಿಕ್ಕಿತ್ತು. ಒಂದೊಂದು ಸಾಲು ಬರೆದು ಮರುದಿನ ಡಬ್ಬಿಯ ಜೊತೆ ಶೆಡ್ಡಿಗೆ ಒಯ್ಯುವುದು. ಮಗ್ಗದ ಈ ಕಡೆ ನಿಂತು ಅಪ್ಪನಿಗೆ ಹೇಳುವುದು. ಮುಟ್ಟಿದ್ದು ಉಳಿಯಿತು, ಮುಟ್ಟದ್ದು ಹೋಯಿತು. ಮಾಮಾನ ಜ್ಯೋತಿ ಹೋಯಿತು, ಸಮಾಜ ಹೋಯಿತು, ಅಂತಃಕರಣವಂತೂ ಪಿತ್ತದ ಜೊತೆಗೇ ಹೋಗಿತ್ತು. ಐದಾರು ದಿನದಲ್ಲಿ ಆಚೆ ಮಗ್ಗದ ಕಾಕಾನಿಗೂ ಪತ್ರ ಬಾಯಿಪಾಠವಾಯಿತು. ನಾನು ಒಂದು ಸಾಲಿನಲ್ಲಿ 'ನಾನು ಒಳ್ಳೆಯ ಶಿಕ್ಷಕಿಯಾಗುತ್ತೇನೆ' ಅಂತ ಬರೆದಿದ್ದೆ. ಅವರು ದೂರದಿಂದಲೇ ಕೈಯಾಡಿಸಿ ತಡೆದರು, "ಅದನ್ನ ನೀ ಹೇಳಬಾರ್ದ, ಅವರ ಹೇಳಬೇಕ." ಅದನ್ನೂ ಹೊಡೆದು ಹಾಕಿದೆ. ಕೊನೆಗೆ ಉಳಿದದ್ದು ಪುಟದ ಮುಕ್ಕಾಲು ಭಾಗ. ಅದನ್ನೇ ಸಾದಾ ಮರಾಠಿಯಲ್ಲಿ ಕೈಯಿಂದ ಬರೆದು ಕಳಿಸಿದೆ. ಮಾಮಾನಿಗೆ ಫೋನು ಮಾಡುವ ಧೈರ್ಯ ಆಗಲಿಲ್ಲ.

ಈ ಸಲ ಕರೆ ಬಂತು! ನಾನು ಓಣಿಯಲ್ಲಿ ನಿಂತು ಎಷ್ಟು ಜೋರಾಗಿ ಕೂಗಿದೆನೆಂದರೆ, ಅಪ್ಪನಿಗೂ ಕೇಳಿಸಿತು ಅಂತ ಅವ್ವ ಇಂದಿಗೂ ಹೇಳುತ್ತಾಳೆ.

ಸಂದರ್ಶನದ ದಿನ ಅಪ್ಪ ರಜೆ ಹಾಕಿ, ಇಸ್ತ್ರಿಯ ಬಿಳಿ ಅಂಗಿ, ಟೊಪ್ಪಿಗೆ ಹಾಕಿಕೊಂಡು ಜೊತೆಗೆ ಬಂದರು. ಬಸ್ಸು ಶಿರೋಳಿಯ ಎರಕದ ಕಾರ್ಖಾನೆಗಳನ್ನು ದಾಟುವಾಗ ಸುಟ್ಟ ಮರಳಿನ ವಾಸನೆ ಬಂತು. ಅಪ್ಪ ಕಿಟಕಿಯ ಆಚೆ ನೋಡುತ್ತ, "ಇಲ್ಲಿ ಮಂದೀಗೂ ನಮ್ಮಂಗಽ ಆಗಿರತೈತಿ" ಅಂದರು. ಅವರು ತಮ್ಮ ಕಿವಿಯ ಮಾತನ್ನು ತಾವಾಗಿ ಎತ್ತಿದ್ದು ಅದೇ ಎರಡನೇ ಸಲ. ನಾನು ಅವರ ಕಡೆ ಮುಖ ಮಾಡಿ, "ಹೌದಪ್ಪಾ" ಅಂದೆ.

ಒಳಗೆ ಮೂವರು ಕೂತಿದ್ದರು. ನಡುವೆ ಮುಖ್ಯಸ್ಥೆ, ಒಂದು ಬದಿಗೆ ಕಣ್ಣು ಸಣ್ಣ ಮಾಡಿ ನೋಡುವ ಒಬ್ಬ ಸಾಹೇಬರು. ಇನ್ನೊಂದು ಬದಿಗೆ ಕೂತವರು ಸ್ವತಃ ಕಿವುಡ ಶಿಕ್ಷಕರು. ಅವರ ಎದುರು ಒಬ್ಬ ಹುಡುಗಿ ಕೂತು ಉಳಿದವರ ಮಾತನ್ನು ಅವರಿಗೆ ಸನ್ನೆಯಲ್ಲಿ ಮುಟ್ಟಿಸುತ್ತಿದ್ದಳು. ಮುಖ್ಯಸ್ಥೆ ನನ್ನ ಪತ್ರ ಕೈಯಲ್ಲಿ ಹಿಡಿದು ಕೇಳಿದರು, "ಹೇ ಕುಣೀ ಲಿಹೂನ ದಿಲಂ?" ಇದನ್ನು ಯಾರು ಬರೆದುಕೊಟ್ಟರು ಅಂತ.

ನಾನು ಬಾಯಿ ತೆರೆಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಕಿಟಕಿಯ ಹೊರಗೆ ಜನರೇಟರು ಖಡಖಡ ಖಡಖಡ ಎಂದು ಶುರುವಾಯಿತು. ಪಕ್ಕಾ ಶೆಡ್ಡೇ. ನಾನು ಆ ಕಿವುಡ ಶಿಕ್ಷಕರ ಕಡೆ ಮುಖ ಮಾಡಿ ಉತ್ತರ ಹೇಳಿದೆ. ಅಪ್ಪನ ಸಂಗತಿ, ಮಗ್ಗದ ಮುಂದೆ ನಿಂತು ಸಾಲು ಸಾಲು ಹೇಳಿ ಉಳಿಸಿದ್ದು, ಹೊಡೆದು ಹಾಕಿದ್ದು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಇಷ್ಟು ಚೆನ್ನಾಗಿ ನಾನು ಜನ್ಮದಲ್ಲಿ ಮಾತಾಡಿರಲಿಲ್ಲ. ಮುಗಿಸಿ ನೋಡಿದರೆ ಮುಖ್ಯಸ್ಥೆ, ಸಾಹೇಬರು ಇಬ್ಬರೂ ಬೆಪ್ಪಾಗಿ ಕೂತಿದ್ದಾರೆ.

"ತಾಈ," ಮುಖ್ಯಸ್ಥೆ ಕೂಗಿ ಹೇಳಿದರು, "ಆವಾಜಚ ಯೇತ ನಾಹೀ ತುಮಚಾ!"

ಧ್ವನಿಯೇ ಬರುತ್ತಿಲ್ಲವಂತೆ! ಆಗ ತಿಳಿಯಿತು. ಯಂತ್ರದ ಸದ್ದು ಶುರುವಾದ ಕೂಡಲೇ ನನ್ನ ಗಂಟಲು ತಾನಾಗಿ ಬಂದ್ ಆಗಿತ್ತು, ಚಿಕ್ಕಂದಿನಿಂದ ಶೆಡ್ಡಿನಲ್ಲಿ ಆದ ರೂಢಿ. ಇಡೀ ಉತ್ತರವನ್ನು ಬರೀ ತುಟಿ, ಕೈಯಿಂದ ಹೇಳಿ ಮುಗಿಸಿದ್ದೆ. ಹೋಯಿತು, ಎರಡು ವರ್ಷವೂ ಹೋಯಿತು, ಸ್ಟೂಲೇ ಗತಿ ಅಂದುಕೊಂಡೆ. ಕಣ್ಣಲ್ಲಿ ನೀರು ಬಂತು.

ಆಗ ಆ ಕಿವುಡ ಶಿಕ್ಷಕರು ಮೇಜು ಗುದ್ದಿದರು. ನಗುತ್ತಿದ್ದರು. ಎರಡೂ ಕೈ ಹಾರಿಸಿ ಏನೇನೋ ಹೇಳಿದರು. ಹುಡುಗಿ ಜನರೇಟರಿನ ಸದ್ದಿನ ಮೇಲೆ ಕೂಗಿ ಕೂಗಿ ಅದನ್ನು ಮರಾಠಿಯಲ್ಲಿ ಹೇಳಿದಳು. ಸರ್ ಹೇಳುತ್ತಿದ್ದಾರೆ, ಇವರು ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನನಗೆ ನೇರವಾಗಿ ತಿಳಿಯಿತು, ಬೆಳಗಿನಿಂದ ಬಂದವರಲ್ಲಿ ನನ್ನ ಕಡೆ ಮುಖ ಮಾಡಿ ಮಾತಾಡಿದವರು ಇವರೊಬ್ಬರೇ. ನಿಮಗೆ ತಿಳಿಯದಿದ್ದರೆ ನಾನು ನಿಮಗೆ ಹೇಳಿಕೊಡುತ್ತೇನೆ.

ಹೇಳಿಯೂ ಕೊಟ್ಟರು! ಮಗ್ಗ, ಅಪ್ಪ, ಡಬ್ಬಿ, ಎಲ್ಲ ಅವರ ಕೈಯಿಂದ ಆ ಹುಡುಗಿಯ ಬಾಯಿಗೆ ಬಂದು ಮುಖ್ಯಸ್ಥೆಯ ಕಿವಿಗೆ ಮುಟ್ಟಿತು. ಪಿತ್ತದ ಸಂಗತಿ ಅವರಿಗೆ ಹೇಗೆ ತಿಳಿಯಿತೋ, ಅದನ್ನೂ ಹೇಳಿದರು. ಸಾಹೇಬರ ಸಣ್ಣ ಕಣ್ಣು ದೊಡ್ಡದಾಯಿತು. ಮುಖ್ಯಸ್ಥೆ ಮತ್ತೇನೂ ಕೇಳಲಿಲ್ಲ, ನಾಲ್ಕು ಗಂಟೆಗೆ ಆಯ್ಕೆಯಾದವರ ಯಾದಿ ಹಚ್ಚುತ್ತೇವೆ, ಹೊರಗೆ ಇರಿ ಅಂದರು.

ನಾಲ್ಕಕ್ಕೆ ಒಳಗಿನ ಪಡಸಾಲೆಯ ಫಲಕಕ್ಕೆ ಯಾದಿ ಅಂಟಿಸಿದರು. ಜನ ಮುಗಿಬಿದ್ದರು, ನಾನು ಮೊಣಕೈಯಿಂದ ದಾರಿ ಮಾಡಿಕೊಂಡು ಮುಂದೆ ಹೋದೆ. ಮೂರನೇ ಹೆಸರು ನನ್ನದು. ಬೆರಳಿಟ್ಟು ಎರಡು ಸಲ ಓದಿದೆ. ನನ್ನದೇ!

ದೊಡ್ಡ ಗಾಜಿನ ಬಾಗಿಲ ಆಚೆ, ರಸ್ತೆಯ ಬದಿಗೆ, ಅಪ್ಪ ಚಹಾದ ಗಾಡಿಯ ಹತ್ತಿರ ನಿಂತು ಒಳಗೇ ನೋಡುತ್ತಿದ್ದರು. ಗದ್ದ ಎತ್ತಿದರು, ಏನಾತು? ನಾನು ಕೈ ಮೇಲೆತ್ತಿ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದೆ, ಹೆಗಲು ತಟ್ಟಿಕೊಂಡೆ. ತಾಗಾ ಇಳೀತು.

ಅಪ್ಪ ಟೊಪ್ಪಿಗೆ ತೆಗೆದರು. ಚಹಾದವನ ಕಡೆ ತಿರುಗಿದರು, ಅಲ್ಲಿ ನಿಂತಿದ್ದ ನಾಲ್ಕೈದು ಮಂದಿಯ ಕಡೆಗೂ ತಿರುಗಿದರು. ಅವರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ ಗೊತ್ತಿಲ್ಲ, ಗಾಜಿನ ಈಚೆ ನನಗಂತೂ ಏನೂ ಕೇಳಿಸುತ್ತಿರಲಿಲ್ಲ. ಆದರೆ ಅಪ್ಪನ ತುಟಿಯನ್ನು ನಾನು ಎಷ್ಟು ದೂರದಿಂದಲೂ ಓದಬಲ್ಲೆ.

"ನಾ ಕಿವುಡ ಅದೇನ್ರೀ," ಅನ್ನುತ್ತಿದ್ದರು ಅಪ್ಪ, ತಮ್ಮ ಕಿವಿಗೆ ಬೆರಳು ತೋರಿಸಿ ತೋರಿಸಿ. "ಆಕಿ ನನ್ನ ಮಗಳ. ನನ್ನ ಕಡಿಂದನಽ ಕಲತಾಳ."